ತಳ ಹಿಡಿದದ್ದು

ಅರ್ಜಿಯ ಏಳನೇ ಕಾಲಮ್ಮಿನಲ್ಲಿ ಕೇಳಿದ್ದರು:
ಸಂಶೋಧನೆ ಯಾವ ವಿಭಾಗಕ್ಕೆ ಸೇರಿದ್ದು? ಒಂದಕ್ಕೆ ಮಾತ್ರ ಗುರುತು ಹಾಕಿ.
ಇಂದುಧರ ಪೆನ್ನು ಕಚ್ಚಿದ. ಸಫೂರಾ ನಕ್ಕಳು.
ಮೂರಕ್ಕೂ ಹಾಕಿದೆ ನಾನು,
ಪೊನ್ನಂಪೇಟೆಯ ಅಂಚೆಗೆ ಒಯ್ದು ಕೊಟ್ಟೆ.

ಹದಿನಾಲ್ಕು ತಿಂಗಳಿಗೆ ದುಡ್ಡು ಬಂತು,
ಕೇಳಿದ್ದರಲ್ಲಿ ಮೂರನೇ ಒಂದು ಪಾಲು.

ವಿರಾಜಪೇಟೆಯಾಚೆ, ಚಿಣ್ಣಪ್ಪನವರ ತೋಟದ ಏರಿನಲ್ಲಿ
ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕಲ್ಮನೆ.
ಪಾಂಡವರು ಕಟ್ಟಿದ್ದು, ಅಂದರು ಅವರು.
'ಪಾಂಡವರು ಇಷ್ಟು ಕುಳ್ಳರೇ?' ಅಂದಳು
ಲೈನುಮನೆಯ ಬೊಳ್ಳಿ, ತಲೆಯ ಬುಟ್ಟಿ ಇಳಿಸದೆ.
ಹನ್ನೊಂದು ದಿನ ಕುಂಚದಲ್ಲಿ ಗುಡಿಸಿ ಗುಡಿಸಿ
ಇಂದುಧರ ಎತ್ತಿದ್ದು
ಅಂಗೈಯಗಲದ ಒಂದು ಮಡಕೆಚೂರು.
ಹೊರಗೆ ಕೆಂಪು. ಒಳಮೈಗೆ ಅಂಟಿದ ಹಕ್ಕಳೆ,
ಕಾಡಿಗೆಯಂಥದು.

ನನ್ನ ವಿದ್ಯೆ ಹುಳಿಯದು.
ಮಳೆಗಾಲಕ್ಕೆ ಉದುರಿದ ಪಣಪುಳಿ ಬುಟ್ಟಿಗೆ ತುಂಬಿ
ತೊಟ್ಟಿಕ್ಕಿದ ರಸ ಕಾಯಿಸಿ, ಮತ್ತೆ ಕಾಯಿಸಿ,
ಅದು ಕಾಚಂಪುಳಿಯಾಗುವ ಗಳಿಗೆಯನ್ನು
ಥರ್ಮಾಮೀಟರಿನಲ್ಲಿ ಹಿಡಿಯಲು ಆರು ವರ್ಷ ಹೆಣಗಿದವಳು.
ಅಮ್ಮ ಚಮಚ ಅದ್ದಿ ಎತ್ತಿ ಹೇಳಿಬಿಡುತ್ತಾಳೆ.
ನನ್ನ ಪ್ರಬಂಧ ನೂರಾ ತೊಂಬತ್ತು ಪುಟ.
ಆ ಕಪ್ಪು ಕಂಡ ಕೂಡಲೇ
ಬಾಯಲ್ಲಿ ನೀರೂರಿತು. ಯಾರಿಗೂ ಹೇಳಲಿಲ್ಲ.

ಸಫೂರಾ ಕೆಳಗೆ, ಗದ್ದೆಯಂಚಿನ ಜೌಗಿಗೆ
ಕೊಳವೆ ಇಳಿಸಿ ಎರಡು ಮೀಟರ್ ಕೆಸರು ಎಳೆದಳು.
ಮಲಗಿಸಿ, ಬಾಳೆದಿಂಡಿನಂತೆ ಬಿಲ್ಲೆ ಬಿಲ್ಲೆ ಕೊಯ್ದಳು,
ಒಂದೊಂದು ಬಿಲ್ಲೆಗೂ ಒಂದಷ್ಟು ಮಳೆಗಾಲ.
ಅಡಿಯಲ್ಲಿ ಕಾಡುಮರಗಳ ಪರಾಗ,
ನಡುವೆ ಇದ್ದಿಲು, ಹುಲ್ಲು, ಆಮೇಲೆ ಭತ್ತ.
ಮೇಲಿನ ಗೇಣಿನಲ್ಲಿ ಸಿಲ್ವರ್ ಮರ,
ಅದರ ಮೇಲೆ ಬೆರಳಗಲ ಕಪ್ಪು ಲೋಳೆ, ಮೂಗು ಮುಚ್ಚಿಸುವಂಥದು.
'ಇದು ನಿಮ್ಮ ಪಲ್ಪರಿನ ನೀರು' ಅಂದಳು ಚಿಣ್ಣಪ್ಪನವರಿಗೆ.
ಅವರು ಇನ್ನೊಂದು ಲೋಟ ಕಾಫಿ ತರಿಸಿ
ಆಕಾಶ ನೋಡಿದರು.

ಫಲಿತಾಂಶ ಬಂತು. ಗ್ರಾಫಿನಲ್ಲಿ ಹಣ್ಣಿನಾಮ್ಲದ ಚೂಪು ಶಿಖರ,
ನನ್ನ ಬಾಟಲಿಯದರ ಪಡಿಯಚ್ಚು.
ಎರಡು ಸಾವಿರ ವರ್ಷದ ಕಾಚಂಪುಳಿ!
ಇಂದುಧರ ಆಗಲೇ ಯಾರಿಗೋ ಫೋನ್ ಹಚ್ಚಿದ್ದ.
ಸಫೂರಾ ಮಾತ್ರ ಎರಡನೇ ಹಾಳೆ ತಿರುವಿದಳು.
ಖಾಲಿ ಚೀಲದಲ್ಲೂ ಅದೇ ಶಿಖರ.
ಏನೂ ಇಡದೆ, ಬರೀ ಹೋಲಿಕೆಗೆಂದು ಕಳಿಸಿದ ಚೀಲ.
ಎರಡಕ್ಕೂ ದಾರ ಬಿಗಿದ ಕೈ ನನ್ನದು.
ಆ ಭಾನುವಾರ ಮನೆಯಲ್ಲಿ ಪಂದಿಕರಿ ಮಾಡಿದ್ದೆ.

ಫೋನು ಕೆಳಗಿಟ್ಟ ಇಂದುಧರ. ಬೈಯಲಿಲ್ಲ,
ಅದೇ ಕಷ್ಟವಾಯಿತು.

ಮೂರನೇ ಹಾಳೆಯ ಕೊನೆಗೆ ಒಂದೇ ಸಾಲು:
ಹಕ್ಕಳೆಯಲ್ಲಿ ಧಾನ್ಯದ ಪಿಷ್ಟ,
ಯಾವ ಧಾನ್ಯವೆಂದು ತಿಳಿಯದಷ್ಟು ಕರಕಲು.

ಯಾರೋ ಒಲೆಯ ಮುಂದಿನಿಂದ ಎದ್ದು ಹೋಗಿದ್ದರು.
ಮಗು ಅತ್ತಿತೋ, ಆನೆ ಬಂತೋ,
ಮಾತಿಗೆ ಕೂತು ಮರೆತರೋ.
ತಿರುಗಿ ಬಂದು ಬೂದಿ ಹಾಕಿ ಉಜ್ಜಿದ್ದರೆ
ನಮಗೆ ಇಷ್ಟೂ ಸಿಗುತ್ತಿರಲಿಲ್ಲ.
ಹದವಾಗಿ ಬೆಂದದ್ದನ್ನೆಲ್ಲ ಅವರೇ ಉಂಡು ಮುಗಿಸಿದರು,
ತಳ ಹಿಡಿದದ್ದು ನಮ್ಮ ಪಾಲು.

ಈಗ ಕಣದ ಕಟ್ಟೆಯ ಮೇಲೆ ವರದಿ ಬರೆಯುತ್ತಿದ್ದೇನೆ.
'ಮಿತಿಗಳು' ಎಂಬ ತಲೆಬರಹದಡಿ
ನನ್ನ ಬೆರಳುಗಳ ಕುರಿತು ಎರಡು ವಾಕ್ಯ.
ಒಂದು ಸಾಕು ಅನ್ನುತ್ತಾನೆ ಇಂದುಧರ.
ಜನವರಿ. ಪಲ್ಪರ್ ತಿರುಗುವ ಸದ್ದು,
ತೋಡಿನತ್ತ ಹೊರಟ ಹುಳಿ ವಾಸನೆ.
ಬೂಟು ಏರಿಸಿ ಅದರೊಳಗಿಳಿದಿದ್ದಾಳೆ ಸಫೂರಾ,
ಈ ವಾರದ ಕಪ್ಪನ್ನು ಬಾಟಲಿಗೆ ಹಿಡಿಯಲು.
ಸಿಕ್ಕಷ್ಟು ಸಿಕ್ಕಿತು, ಉಳಿದದ್ದು
ಜೌಗಿಗೆ ಹೋಗಿ ಮೆಲ್ಲಗೆ ಕೂರುತ್ತದೆ.

'ಚೀಟಿ ಬರಿ' ಎಂದು ಕೂಗುತ್ತಾಳೆ ಕೆಳಗಿನಿಂದ,
'ತಾರೀಕು, ಸಮಯ, ಜಾಗ.
ಮೊದಲು ಕೈ ತೊಳಿ.'