ಬೆಳ್ಳಗಿರುವುದೆಲ್ಲ

ನಾಲ್ಕಕ್ಕೆ ಟ್ಯಾಂಕರ್ ಹತ್ತುವಾಗ
ಬೆತ್ಸುಕಾಯ್ ಇನ್ನೂ ಕತ್ತಲೆ. ಹಿಮದ ಮೇಲೆ ನನ್ನದೊಂದೇ ದೀಪ.
ಜನಕ್ಕಿಂತ ದನ ಹೆಚ್ಚಿರುವ ಊರು ನಮ್ಮದು.
ಒಂಬತ್ತು ಕೊಟ್ಟಿಗೆ ಸುತ್ತಿ, ಕೊಳವೆ ಜೋಡಿಸಿ,
ಒಂದೊಂದರ ಹಾಲನ್ನೂ ಪುಟ್ಟ ಸೀಸೆಗೆ ಹಿಡಿದು ಚೀಟಿ ಅಂಟಿಸುತ್ತೇನೆ.
ಕೊಬ್ಬೆಷ್ಟು, ಪ್ರೋಟೀನ್ ಎಷ್ಟು, ಅದು ಲ್ಯಾಬಿನವರ ಕೆಲಸ.
ಡೇರಿಯಲ್ಲಿ ಹನ್ನೆರಡು ಟನ್ ಇಳಿಸಿ
ಮನೆಯ ಹಿಂಬಾಗಿಲಲ್ಲೇ ಬಟ್ಟೆ ಕಳಚಿ
ಮೊಣಕೈವರೆಗೆ ಸೋಪು ಹಚ್ಚಿ, ಎರಡು ಸಲ ತೊಳೆದು,
ಆಮೇಲಷ್ಟೇ ಮಗಳನ್ನು ಮುಟ್ಟುತ್ತೇನೆ.

ಚಿಗುಸಾ. ಸಾವಿರ ಹುಲ್ಲು ಎಂದು ಅರ್ಥ.
ಹೆಸರಿಟ್ಟಾಗ ಗೊತ್ತಿರಲಿಲ್ಲ,
ಹುಲ್ಲು ಹಾಲಾಗುವ ದಾರಿಯಲ್ಲಿ ಎಲ್ಲೋ
ಅವಳಿಗೊಂದು ಬೇಲಿ ಇದೆಯೆಂದು.
ಹತ್ತು ತಿಂಗಳ ಕೂಸು, ಸಂಘದ ಊಟದಲ್ಲಿ
ಯಾರೋ ಪ್ರೀತಿಯಿಂದ ಒಂದು ಚಮಚ ಬಿಳಿ ಸಾರು ಕುಡಿಸಿದರು.
ತುಟಿ ಊದಿತು. ಉಸಿರು ಸೀಟಿಯಾಯಿತು.
ನಾಕಾಶಿಬೆತ್ಸು ಆಸ್ಪತ್ರೆಯ ತನಕ ಹೇಗೆ ಓಡಿಸಿದೆನೋ,
ಆ ರಸ್ತೆಯ ಒಂದು ತಿರುವೂ ನೆನಪಿಲ್ಲ.

ಈಗ ಎರಡೂವರೆ ವರ್ಷ. ಹಾಲುಹಲ್ಲು ಹದಿನಾರು.
ಹಾಲಿನದೇ ಹೆಸರು ಹೊತ್ತ ಹಲ್ಲು, ಹಾಲೊಂದೇ ಬಾರದು.
ದಿನಕ್ಕೆ ಇಪ್ಪತ್ತು ಗ್ರಾಂ ಪ್ರೋಟೀನ್ ಎಂದರು ಡಾಕ್ಟರು,
ಪಟ್ಟಿ ಕೊಟ್ಟರು. ಫ್ರಿಜ್ಜಿನ ಮೇಲಿದೆ.
ಪಟ್ಟಿಯನ್ನು ಅವಳು ಓದಿಲ್ಲವಲ್ಲ!

ತೋಫು ಇಟ್ಟರೆ ಬೆರಳು ಚುಚ್ಚಿ ಕಿಟಕಿ ಮಾಡುತ್ತಾಳೆ,
ಕಿಟಕಿಯಲ್ಲಿ ಇಣುಕುತ್ತಾಳೆ, ಪಕ್ಕಕ್ಕೆ ತಳ್ಳುತ್ತಾಳೆ. "ಇಯಾ."
ಬೇಡ ಅನ್ನುವುದಕ್ಕೆ ನಮ್ಮಲ್ಲಿ ಅದೇ ಮಾತು;
ಅವಳಿಗೆ ಇಡೀ ಭಾಷೆಯೇ ಅದು.
ಮೊಟ್ಟೆ? ಹಳದಿ ನೆಲಕ್ಕೆ. ಬಿಳಿಯದು ನನ್ನ ಅಂಗಿಗೆ.
ಸಾಲ್ಮನ್ನಿನ ಚೂರಲ್ಲಿ ಇಲ್ಲದ ಮುಳ್ಳು ಹುಡುಕುತ್ತಾಳೆ.
ನಾತ್ತೋ ಬಾಯಿಗೆ ಹೋಗಲಿಲ್ಲ, ಅದರ ನೂಲು
ಮೂರು ದಿನ ಬೆಕ್ಕಿನ ಮೀಸೆಯಲ್ಲಿತ್ತು.
ನಾವೇ ಕಲಿಸಿದ್ದು: ಬಿಳಿಯದು ಮುಟ್ಟಬೇಡ, ಬಿಳಿಯದು ಉಶ್ಶ್.
ಈಗ ನಾನೇ ಮಂಡಿಯೂರಿ ಗೋಗರೆಯುತ್ತೇನೆ,
ಬೆಳ್ಳಗಿರುವುದೆಲ್ಲ ಹಾಲಲ್ಲ ಮಗಳೇ.
ಹನ್ನೆರಡು ಟನ್ ಹೊತ್ತು ತರುವವನು
ಅಡಿಗೆಮನೆಯ ತಕ್ಕಡಿಯ ಮುಂದೆ
ಒಂದು ಚಮಚಕ್ಕೆ ಕೈಯೊಡ್ಡಿ ಕೂತಿದ್ದೇನೆ.

ಫೆಬ್ರವರಿ ಮೂರು. ಗುಮ್ಮನನ್ನು ಓಡಿಸುವ ರಾತ್ರಿ.
ರಟ್ಟಿನ ಕೆಂಪು ಮುಖ, ಎರಡು ಕೊಂಬು, ನಾನೇ ಗುಮ್ಮ.
ಹುರಿದ ಸೋಯಾ ಕಾಳು ಎಸೆದು ಎಲ್ಲರೂ ಕೂಗಬೇಕು,
ಗುಮ್ಮ ಹೊರಗೆ! ಭಾಗ್ಯ ಒಳಗೆ!
ಪುಟ್ಟ ಗಂಟಲಿಗೆ ಕಾಳು ಅಪಾಯವೆಂದು
ಮಿಸಾವೊ ಅವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿದ್ದಳು;
ಪಕ್ಕದ ಮನೆಯ ತೊಕಿ ಅಜ್ಜಿ, ಶಾಲೆಯ ಅಡಿಗೆಯಲ್ಲಿ ಮೂವತ್ತು ವರ್ಷ ಸವೆದವಳು,
ಮಿಕ್ಕ ಕಾಳು ಬೀಸಿ ಹುರಿಹಿಟ್ಟು ತಂದಿದ್ದಳು,
ಬೆಂದ ಗೆಣಸಿನ ಮೇಲೆ ಉದುರಿಸಿ.

ಬಾಗಿಲಾಚೆ ಹಿಮದಲ್ಲಿ ನಿಂತು ಗುರ್ ಎಂದೆ.
ಸರಿಯೇ ಅನ್ನಿಸಿತು ಒಳಗೊಳಗೆ:
ದಿನವೂ ಅವಳ ವಿಷ ಹೊತ್ತು ತಿರುಗುವವನು,
ಹೊರಗೇ ಇರಲಿ.

ಚಿಗುಸಾ ಪೊಟ್ಟಣ ಎತ್ತಿದಳು. ನೋಡಿದಳು. ಇಳಿಸಿದಳು.
ಗೆಣಸಿನ ತುಂಡೊಂದು ಹಿಡಿದು ಹೊಸ್ತಿಲಿಗೆ ಬಂದು,
"ಗುಮ್ಮ ಒಳಗೆ" ಅಂದಳು.
ತಪ್ಪು ಹೇಳಿದೆ ಎಂದು ಯಾರೂ ತಿದ್ದಲಿಲ್ಲ.
ರಟ್ಟಿನ ಬಾಯಿಯ ಸೀಳಲ್ಲಿ ತುರುಕಿದಳು, ಅರ್ಧ ಗಲ್ಲಕ್ಕೆ, ಅರ್ಧ ನಾಲಿಗೆಗೆ.
ನಾನು ಅಗಿಯುವುದನ್ನು ತನಿಖೆ ಮಾಡಿ
ಉಳಿದದ್ದು ತಾನು ತಿಂದಳು.
ಇನ್ನೊಂದು. ಮತ್ತೊಂದು.
ಮೂಗಿನ ತುದಿಗೆಲ್ಲ ಹಿಟ್ಟು, ಕಂದುಬಣ್ಣದ ಮೀಸೆ.
ಮಿಸಾವೊ ತಕ್ಕಡಿ ಮರೆತು ಸೌಟು ಹಿಡಿದು ನಿಂತೇ ಇದ್ದಳು.

ಗುಮ್ಮ ಬಂತು ತಿನ್ನು ಎಂದು ಹೆದರಿಸುವವರುಂಟು;
ನಮ್ಮ ಮನೆಯಲ್ಲಿ ಗುಮ್ಮ ಬಾರದಿದ್ದರೆ ಊಟವಿಲ್ಲ.

ಈಗ ಜೂನ್. ಒಂದು ಕೊಂಬು ಕಿತ್ತಿದೆ, ದಾರ ಮೂರನೆಯದು.
ಮುಖವಾಡದೊಳಗೆ ಬೆವರುತ್ತಾ ಮೀನು ಬಿಡಿಸುತ್ತೇನೆ.
ನಿನ್ನೆ ಹದಿನಾಲ್ಕು ಗ್ರಾಂ. ಇವತ್ತು ಒಂಬತ್ತು.
ತೋಫುವಿಗೆ ಇನ್ನೂ ಕಿಟಕಿಯೇ,
ಆದರೆ ಇಂದು ಆ ಕಿಟಕಿಯಾಚೆಯಿಂದ
ಕೆಂಪು ಮುಖ ಇಣುಕಿದಾಗ
ಅವಳು ಚೌಕಟ್ಟಿನ ಒಂದು ಮೂಲೆ ಕಚ್ಚಿದಳು.
ನುಂಗಿದಳೋ, ಉಗಿದಳೋ,
ಈ ತೂತಿನಿಂದ ಸರಿಯಾಗಿ ಕಾಣುವುದಿಲ್ಲ.