ಮೂರನೆಯ ದಿನದ ಸೀಸೆ

ಯೊಆನಿನಾದ ಸರೋವರ ಈ ಕಿಟಕಿಗೆ ಕಾಣುವುದಿಲ್ಲ.
ಕಾಣುವುದು ಪಾರ್ಕಿಂಗ್ ಜಾಗ, ಅದರ ಮೇಲೆ ಕೂತ ಮಂಜು,
ಮಂಜಿನೊಳಗೆ ಆಂಬುಲೆನ್ಸ್ ಚಾಲಕನ
ಸಿಗರೇಟಿನ ಒಂದು ಕೆಂಪು ಚುಕ್ಕೆ.

ಎರಡನೆಯ ಹಾಸಿಗೆ. ಥ್ರಾಸಿವುಲೋಸ್, ಎಪ್ಪತ್ತೊಂಬತ್ತು.
ಮೆಟ್ಸೊವೊ ಘಾಟಿಯಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು.
ಘಾಟಿ ಈಗ ಎದೆಯೊಳಕ್ಕೇ ಬಂದು ಕೂತಿದೆ,
ಪ್ರತಿ ಉಸಿರೂ ಮೊದಲ ಗೇರಿನಲ್ಲಿ ಏರುತ್ತದೆ.

ಅಂಗಿ ಎತ್ತಿ ಸ್ಟೆತಸ್ಕೋಪ್ ಇಡಹೋದೆ.
ಬೆನ್ನ ತುಂಬ ದುಂಡನೆಯ ನೇರಳೆ ಗುರುತು, ಹನ್ನೊಂದು.
ಮಗಳು ಪೊಲಿಕ್ಸೆನಿ ತಲೆ ತಗ್ಗಿಸಿದಳು:
"ಅಮ್ಮ ಹೀಗೇ ಮಾಡುತ್ತಿದ್ದಳು, ಡಾಕ್ಟರ್.
ಲೋಟಕ್ಕೆ ಬೆಂಕಿ ತೋರಿಸಿ ಬೆನ್ನಿಗೆ ಕವುಚಿದರೆ
ಶೀತ ಎಳೆದುಕೊಳ್ಳುತ್ತದಂತೆ."
ನಾನು ಗದರಲಿಲ್ಲ.
ಮೂರು ದಿನದ ಹಿಂದೆ ನಾನೇ ಕವುಚಿಟ್ಟ ಲೋಟ
ಪಕ್ಕದ ಕಂಬದಲ್ಲಿ
ತೊಟ್ಟಿಕ್ಕುತ್ತಿತ್ತು.

ಮೂಗಿಗಿಟ್ಟ ಹತ್ತಿಯ ಕಡ್ಡಿ ಮೊದಲ ರಾತ್ರಿಯೇ ಹೇಳಿತ್ತು:
ಇನ್‌ಫ್ಲುಯೆಂಜಾ. ಅದಕ್ಕೆ ಮಾತ್ರೆ ಬೇರೆ, ನುಂಗುತ್ತಿದ್ದಾನೆ.
ಎಕ್ಸ್‌ರೇ ಹೇಳಿತ್ತು, ರಕ್ತವೂ ಹೇಳಿತ್ತು,
ಕಲ್ಚರ್ ಬಾಟಲಿಯಲ್ಲಿ ಇವತ್ತಿಗೂ ಏನೂ ಮೊಳೆತಿಲ್ಲ.
ಎಲ್ಲವೂ ಸಾಕ್ಷಿ ಹೇಳಿ ಮುಗಿಸಿದ ಮೇಲೆ
ಆಂಟಿಬಯೋಟಿಕ್ ಎಂದು ಬರೆದದ್ದು ನನ್ನ ಕೈ.
ಜ್ವರ ಎತ್ತಿನದು,
ಬರೆ ಎಮ್ಮೆಯ ಮೈಮೇಲೆ.

ಯಾಕೆ ಬರೆದೆ? ಕಾರಿಡಾರಿನಲ್ಲಿ ಆರು ಸ್ಟ್ರೆಚರು.
"ಏನಾದರೂ ಕೊಡಿ" ಎನ್ನುವ ಕಣ್ಣುಗಳು ಎಷ್ಟೋ.
ಇಲ್ಲ, ಅದೂ ಅಲ್ಲ.
ಎರಡು ಚಳಿಗಾಲದ ಹಿಂದೆ, ಕಲಿರೋಯಿ,
ಶಾಲೆಯ ಅಡುಗೆಯವಳು, ಕೈಗೆ ಈರುಳ್ಳಿಯ ವಾಸನೆ.
"ಬರೀ ವೈರಸ್ಸು" ಎಂದೆ. ಆ ದಿನ ಅದು ನಿಜ.
ಆರನೆಯ ದಿನ, ವೈರಸ್ಸು ತೆರೆದಿಟ್ಟು ಹೋದ ಬಾಗಿಲಲ್ಲಿ
ಬೇರೊಬ್ಬರು ನುಗ್ಗಿದರು.
ನಾನು ಓಡಿ ಬಂದಾಗ ತಡವಾಗಿತ್ತು.
ಅಂದಿನಿಂದ ನನ್ನ ಪೆನ್ನು ನನಗಿಂತ ಮೊದಲೇ ಹೆದರುತ್ತದೆ.

ಆದರೆ ಮೇಲಿನ ಮಹಡಿಯ ಐಸಿಯುವಿನಲ್ಲಿ
ಮೋಟರ್‌ಸೈಕಲ್ಲಿನಿಂದ ಬಿದ್ದ ಹುಡುಗನೊಬ್ಬನಿದ್ದಾನೆ, ಇಪ್ಪತ್ತೆರಡು.
ಮೂಳೆ ಕೂಡಿದೆ, ರಕ್ತ ಕೂಡುತ್ತಿಲ್ಲ.
ಅವನ ಲ್ಯಾಬ್ ಹಾಳೆಯಲ್ಲಿ ಉದ್ದಕ್ಕೂ ಔಷಧಗಳ ಹೆಸರು,
ಪ್ರತಿ ಹೆಸರಿನ ಮುಂದೆ ಒಂದೇ ಅಕ್ಷರ:
ಆರ್. ಆರ್. ಆರ್.
ಆರೂ ಬರಲಾರರು ಎಂದು.
ಅವನಿಗೂ ಈ ಸೀಸೆಗೂ ನೇರ ನಂಟೇನೂ ಇಲ್ಲ.
ನಡುವೆ ಎರಡು ಮಹಡಿ, ಒಂದು ಲಿಫ್ಟು,
ಬಾಗಿಲ ಹಿಡಿಗಳ ಮೇಲೆ ನಮ್ಮೆಲ್ಲರ ಕೈ.

ನಾಲ್ಕು ಗಂಟೆಗೆ ನರ್ಸ್ ಎವಾಂಥಿಯಾ
ಹೊಸ ಸೀಸೆ ತಂದಳು. "ಬೇಡ" ಎಂದೆ.
ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಹಳೆಯದನ್ನೂ ಬಿಚ್ಚಿ ಒಯ್ದಳು.
ಪೊಲಿಕ್ಸೆನಿ ಎದ್ದು ನಿಂತಳು.
"ಅಪ್ಪನ ಕೈ ಬಿಟ್ಟಿರಾ?"

ಎಷ್ಟೊಂದು ಓದಿದ್ದೇನೆ. ಒಂದೂ ನಾಲಗೆಗೆ ಬರಲಿಲ್ಲ.
ಕುರ್ಚಿ ಎಳೆದುಕೊಂಡೆ, ಗಡಿಯಾರ ನೋಡುತ್ತ
ಅವನ ಉಸಿರು ಎಣಿಸಿದೆ, ಪೂರಾ ಒಂದು ನಿಮಿಷ.
ಇಪ್ಪತ್ತಾರು. ನಿನ್ನೆ ಮೂವತ್ತೆರಡಿತ್ತು.
"ಆರಕ್ಕೆ ಮತ್ತೆ ಬಂದು ಎಣಿಸುತ್ತೇನೆ" ಎಂದೆ.
"ನಾಳೆಯೂ. ಜ್ವರ ಮತ್ತೆ ಏರಿದರೆ, ಕಫದ ಬಣ್ಣ ತಿರುಗಿದರೆ,
ಆಗ ಆ ಸೀಸೆ ನಾನೇ ತರುತ್ತೇನೆ, ಓಡುತ್ತ."

ಮುದುಕ ಕಣ್ಣು ತೆರೆಯದೆಯೇ ಗೊಣಗಿದ:
"ಇಳಿಜಾರಿನಲ್ಲಿ ಸುಮ್ಮನೆ ಬ್ರೇಕು ತುಳೀಬೇಡ ಮಗಾ.
ಸುಟ್ಟುಹೋಗುತ್ತೆ.
ಬೇಕಾದಾಗ ಹಿಡಿಯೋದಿಲ್ಲ."
ಯಾವ ತಿರುವಿನಲ್ಲಿದ್ದನೋ, ಯಾವ ಕ್ಲೀನರಿಗೆ ಹೇಳಿದನೋ.

ನಾನು ಸರಿಯೋ ತಪ್ಪೋ
ಆರು ಗಂಟೆಗಾದರೂ ತಿಳಿದೀತೆಂಬ ನಂಬಿಕೆಯಿಲ್ಲ.
ಬಾಗಿಲ ಬಳಿ ತಿರುಗಿ ನೋಡಿದೆ:
ಪೊಲಿಕ್ಸೆನಿ ಹಿಮಕ್ಕೆ ಒದ್ದೆಯಾದ ತನ್ನ ಕೋಟು ಬಿಚ್ಚಿ,
ಒಮ್ಮೆ ಕೊಡವಿ,
ಖಾಲಿ ಕಂಬದ ಕೊಕ್ಕೆಗೆ ನೇತುಹಾಕುತ್ತಿದ್ದಳು.