ಯಾವ ಕಡೆಯದು

ರಾತ್ರಿ ಒಂದೂಕಾಲು. ಶಿವಮೊಗ್ಗ. ಡೇರಿಯ ಹಿಂದಿನ ಕೋಣೆ.
ಎ.ಸಿ. ಹದಿನೆಂಟಕ್ಕಿದೆ, ನನ್ನ ಕಾಲಿಗೆ
ವಾಚ್‌ಮನ್ ಹಾಲೇಶಪ್ಪನ ಮಫ್ಲರ್.
ಐದಕ್ಕೆ ಕುಂಸಿಯಿಂದ, ಆಯನೂರಿಂದ, ರಿಪ್ಪನ್‌ಪೇಟೆಯಿಂದ
ಹಾಲಿನ ಲೆಕ್ಕ ಇಳಿಯತೊಡಗುತ್ತದೆ:
ಲೀಟರು, ಫ್ಯಾಟು, ಎಸ್ಸೆನ್ನೆಫ್ಫು.
ಅಷ್ಟರೊಳಗೆ ಹೊಸ ಮಿಷನ್ನಿನ ಮೇಲೆ
ಡೇಟಾಬೇಸು ಎದ್ದು ಕೂತಿರಬೇಕು.

ಕೆಳಗಿರುವುದು ಲಿನಕ್ಸ್.
ಹೊಸನಗರದ ಕಡೆ ಹಳ್ಳಕ್ಕೆ ಹಾಕುವ ಸಂಕದ ಹಾಗೆ
ಒಬ್ಬ ಮರ ಕೊಟ್ಟ, ಒಬ್ಬ ಬಳ್ಳಿ ಬಿಗಿದ,
ಕೊಚ್ಚಿಹೋದರೆ ಮತ್ತೆ ಯಾರೋ ಬಂದು ಹಾಕುತ್ತಾರೆ.
ಸಂಕಕ್ಕೆ ಸುಂಕವಿಲ್ಲ.
ಅದರ ಮೇಲೆ ದಾಟಿ ಬರಬೇಕಾದದ್ದು ಮಾತ್ರ ದೊಡ್ಡ ಮನೆಯದ್ದು:
ಕೋರಿಗಿಷ್ಟು ಎಂದು ಎಣಿಸಿ ಕಟ್ಟಿದ ದುಡ್ಡು,
ಮೀಟಿಂಗಿನಲ್ಲಿ ಮೂರು ಸಲ ಚರ್ಚೆಯಾಗಿ
"ಇಷ್ಟಕ್ಕೆ ಎಷ್ಟು ಎಮ್ಮೆ ಬರ್ತಿತ್ತು?" ಎಂದು ಯಾರೋ ಕೇಳಿ
ಕಡೆಗೂ ಪಾಸಾದದ್ದು.

ಕರ್ನಲ್ಲಿನ ಅಂಕಿ ತಿದ್ದಿದೆ, ಮೆಮೊರಿ ಹಿಗ್ಗಿಸಿದೆ,
ಬರುವ ನೆಂಟರು ಉದ್ದ ಕಾಲಿನವರು, ಮಂಚ ಸಾಲದು ಎಂಬಂತೆ.
ಇಷ್ಟೆಲ್ಲ ಆಗಿ, ಹೊಸ್ತಿಲಲ್ಲಿ ನಿಂತು ಅದು ಕೇಳಿತು:
ಈ ಸಿಸ್ಟಂ ಯಾವ ಕಡೆಯದು?
ನಮ್ಮ ಪಟ್ಟಿಯಲ್ಲಿಲ್ಲ.

ಮೆಮೊರಿ ಸಾಲದೆಂದಲ್ಲ. ಡಿಸ್ಕು ನಿಧಾನವೆಂದಲ್ಲ.
ಹೆಸರು.

ಉಪಾಯ ಹಳೆಯದು, ಈ ಕೆಲಸದವರಿಗೆಲ್ಲ ಗೊತ್ತು:
ಒಂದು ಫೈಲಿದೆ, ಒಂದೇ ಸಾಲಿನದು,
ಸಿಸ್ಟಂ ತನ್ನ ಹೆಸರು ಬರೆದುಕೊಂಡಿರುವುದು ಅಲ್ಲಿ.
ಅಳಿಸಿ, ಪಟ್ಟಿಯಲ್ಲಿರುವ ಯಾವುದೋ ಹೆಸರು ಬರೆದರೆ ಸಾಕು.

ಬೆರಳು ಸ್ವಲ್ಪ ತಡೆಯಿತು.

ವಿನೋಬನಗರದ ಮನೆಯ ಗೇಟಿನ ಹೊರಗೇ ಸ್ಕೂಟರ್ ನಿಲ್ಲಿಸಿ
ಬ್ರೋಕರ್ ತಿಪ್ಪೇಶಿ ಹೇಳಿದ್ದ:
"ನಿಲೋಫರ್ ಅನ್ಬೇಡಿ ಮೇಡಂ, ನೀಲಾ ಅನ್ನಿ.
ಪೂರ್ತಿ ಸುಳ್ಳೇನಲ್ವಲ್ಲ."
ಸಂಬಳ ಎಷ್ಟೆಂದು ಒಳಗೆ ಯಾರೂ ಕೇಳಲಿಲ್ಲ.
ಆ ಅಮ್ಮ ಕಾಫಿ ಇಟ್ಟು ಕೇಳಿದ್ದು, "ನಿಮ್ದು ಯಾವ ಕಡೆ?"
"ಭದ್ರಾವತಿ" ಅಂದೆ. ಅದು ಅಪ್ಪಟ ನಿಜ.
ಅವರು ಕೇಳಿದ್ದು ಅದನ್ನಲ್ಲ.

ಬರೆದೆ. ಎರಡೂ ಮುಕ್ಕಾಲಿಗೆ ಅದು ಒಳಗೆ ಬಂತು,
ಏನೂ ಆಗದವರ ಹಾಗೆ.
ನಾಲ್ಕಕ್ಕೆ ಟೇಬಲ್ಲುಗಳೆಲ್ಲ ಎದ್ದವು,
ಒಂಬತ್ತು ವರ್ಷದ ಹಾಲು, ಒಂದು ತೊಟ್ಟೂ ಚೆಲ್ಲದೆ.
ನಾಲ್ಕೂವರೆಗೆ ಆ ಫೈಲು ಮತ್ತೆ ತೆರೆದು
ಸಿಸ್ಟಂನ ಸ್ವಂತ ಹೆಸರನ್ನು ವಾಪಸ್ ಬರೆದು
ಉಸಿರು ಹಿಡಿದು ಕಾದೆ.
ಏನೂ ಆಗಲಿಲ್ಲ. ಒಮ್ಮೆ ಕೂತ ಮೇಲೆ
ಅದು ಮತ್ತೆ ಕೇಳುವುದಿಲ್ಲ.

ಹಾಲೇಶಪ್ಪ ಟೀ ತಂದ. "ಆಯ್ತಾ, ನಿಲೋಫರಮ್ಮ?"
"ಆಯ್ತು."
ಐದೂ ಎಂಟಕ್ಕೆ ಮೊದಲ ಸಾಲು ಇಳಿಯಿತು:
ಕುಂಸಿ, ಹನ್ನೊಂದು ಲೀಟರು, ನಾಲ್ಕು ಪಾಯಿಂಟ್ ಎರಡು.

ಇನ್ನು ಮನೆಗೆ. ನಿದ್ದೆ ಆಮೇಲೆ.
ಇವತ್ತು ಬ್ಯಾಂಕಿನ ಲಕೋಟೆ ಬರುವ ದಿನ,
ಅದರ ಮೇಲೆ ಹೆಸರು ಪೂರ್ತಿ ಇರುತ್ತದೆ.
ಪೋಸ್ಟ್‌ಮನ್ ಕೂಗುವ ಮೊದಲೇ ಗೇಟಿನ ಹತ್ತಿರ ನಿಂತಿರಬೇಕು,
ಈ ಹತ್ತೊಂಬತ್ತನೇ ತಿಂಗಳೂ.